ಗಡಿಗೆಯ ಮುಂದಿನ ಅರ್ಧ ರೊಟ್ಟಿ

ನಮ್ಮೂರಿನಲ್ಲಿ ಮಕ್ಕಳ ದೂರುಗಳನ್ನು ಮಕ್ಕಳಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ಹಾಗೆ ನೋಡಿಕೊಳ್ಳುತ್ತಿದ್ದವಳು ನಾನೇ. ಆದ್ದರಿಂದ ಈ ಕಥೆಯಲ್ಲಿ ಯಾರನ್ನು ಬೈಯಬೇಕೆಂದು ನೀವು ಹುಡುಕಿಕೊಂಡು ಅಲೆಯಬೇಕಾಗಿಲ್ಲ.

ಊರಿನ ಹೆಸರು ಹೇಳುವುದಿಲ್ಲ. ಒಂದು ಬೋಳು ಗುಡ್ಡದ ಬುಡದಲ್ಲಿದೆ. ನಟ್ಟನಡುವೆ ಒಂದು ಕರಿಕಲ್ಲು ನೆಟ್ಟಿದ್ದಾರೆ. ಕಲ್ಲಿನ ಈ ಕಡೆ ಮೂಡಣ ಓಣಿ, ಆ ಕಡೆ ಪಡುವಣ ಓಣಿ. ಅಷ್ಟು ಗೊತ್ತಿದ್ದರೆ ಸಾಕು. ಅಪ್ಪ ಅವ್ವ ಇಲ್ಲದ ಮಕ್ಕಳು, ಇದ್ದೂ ಸಾಕಲಾಗದವರ ಮಕ್ಕಳು ನಮ್ಮಲ್ಲಿ ಅನಾಥರಲ್ಲ, ಊರಿನ ಮಕ್ಕಳು. ಊರೇ ಅವರಿಗೆ ತಾಯಿ. ಇದು ಬರೀ ಬಾಯಿಮಾತಲ್ಲ. ಊರು ನಡೆಸುವ ಏಳು ಜನ ಹಿರಿಯರು ಹೆಗಲಿಗೆ ಹಸಿರು ಶಾಲು ಹಾಕಿಕೊಂಡ ಗಳಿಗೆಯಿಂದ ಅವ್ವಂದಿರಾಗುತ್ತಿದ್ದರು. ಅವರಲ್ಲಿ ಐದು ಜನಕ್ಕೆ ಮೀಸೆಯಿತ್ತು, ಒಬ್ಬರಿಗಂತೂ ಹೊಟ್ಟೆಯವರೆಗೆ ಗಡ್ಡವಿತ್ತು. ಆದರೂ ಊರಿನ ಮಕ್ಕಳು ಅವರನ್ನು ಅವ್ವಾ ಎಂದೇ ಕರೆಯಬೇಕು. ಹೊರಗಿನಿಂದ ಬಂದವರು ನಗುತ್ತಿದ್ದರು. ನಮಗೆ ನಗು ಬರುತ್ತಿರಲಿಲ್ಲ. ಇಂಥ ಊರು ಇನ್ನೆಲ್ಲಿದೆ ಎಂದು ಎದೆಯುಬ್ಬಿಸಿ ಕೇಳುತ್ತಿದ್ದೆವು.

ಆದರೆ ಏಳು ಅವ್ವಂದಿರಿಗೆ ಮಕ್ಕಳನ್ನು ಎತ್ತಿ ಆಡಿಸುವಷ್ಟು ಪುರುಸೊತ್ತು ಎಲ್ಲಿಂದ ಬರಬೇಕು. ಒಂದೊಂದು ಮಗುವನ್ನು ಒಂದೊಂದು ಮನೆಗೆ ಒಪ್ಪಿಸುತ್ತಿದ್ದರು. ಒಂದು ಒಲೆಗೆ ಒಂದೇ ಮಗು, ಅದು ಕಟ್ಟಳೆ. ಎರಡು ಮಕ್ಕಳಿದ್ದರೆ ಒಲೆಯ ಬಿಸಿ ಹಂಚಿಹೋಗುತ್ತದೆ, ಇಬ್ಬರಲ್ಲಿ ಯಾರಿಗೂ ಪೂರಾ ಸಿಗುವುದಿಲ್ಲ ಎಂದು ಯಾವ ಕಾಲದಲ್ಲೋ ಯಾರೋ ಅವ್ವ ಹೇಳಿದ್ದರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ನಮ್ಮೂರಿನ ಕಟ್ಟಳೆಗಳೆಲ್ಲ ಒಳ್ಳೆಯ ಮನಸ್ಸಿನಿಂದ ಹುಟ್ಟಿದವು, ಅದಕ್ಕೇ ಅವುಗಳಿಂದ ಬಿಡಿಸಿಕೊಳ್ಳುವುದು ಕಷ್ಟ. ಮೂಡಣ ಓಣಿಯ ಮಗು ಕರಿಕಲ್ಲು ದಾಟಿ ಪಡುವಣಕ್ಕೆ ಹೋಗುವಂತಿಲ್ಲ, ಪಡುವಣದ್ದು ಈಚೆ ಬರುವಂತಿಲ್ಲ. ದಾರಿ ತಪ್ಪಬಾರದಲ್ಲ, ಅದಕ್ಕೆ. ಮಕ್ಕಳಿಗೆ ಚಟ ಹತ್ತಬಾರದೆಂದು ದೊಡ್ಡವರೂ ದಾಟುತ್ತಿರಲಿಲ್ಲ.

ಊರಿನ ಮಗುವಿಗೆ ಊರಿನ ಮೇಲೆ ದೂರಿದ್ದರೆ ಹೇಳಿಕೊಳ್ಳಬಹುದು. ಹೇಳಿಕೊಳ್ಳಲೇಬೇಕು ಎಂದು ಅವ್ವಂದಿರು ವರ್ಷಕ್ಕೊಮ್ಮೆ ಕರಿಕಲ್ಲಿನ ಮೇಲೆ ನಿಂತು ಸಾರುತ್ತಿದ್ದರು. ಆದರೆ ಬಾಯಿಮಾತಿನಲ್ಲಿ ಅಲ್ಲ. ಬಾಯಿಮಾತು ಒಬ್ಬರಿಂದ ಒಬ್ಬರಿಗೆ ಹೋಗುತ್ತಾ ಬೆಳೆಯುತ್ತದೆ, ಮಗು ಹೇಳಿದ್ದೊಂದು, ತಲುಪಿದ್ದು ಇನ್ನೊಂದಾಗುತ್ತದೆ. ಅದಕ್ಕೆ ಗಡಿಗೆ. ಮಗು ಕುಂಬಾರನ ಮನೆಗೆ ಹೋಗಬೇಕು. ಆವಿಗೆಯಿಂದ ಆಗಷ್ಟೇ ತೆಗೆದ ಹೊಸ ಗಡಿಗೆಯ ಬಾಯಿಗೆ ಬಾಯಿಟ್ಟು ಹೇಳಬೇಕಾದ್ದನ್ನು ಹೇಳಬೇಕು. ಉಸಿರು ಹೊರಗೆ ಬರುವ ಮೊದಲೇ ಹಸಿಮಣ್ಣಿನ ಮುಚ್ಚಳ ಮೆತ್ತಬೇಕು. ಗಡಿಗೆಯನ್ನು ತಲೆಯ ಮೇಲೆ ಹೊತ್ತು, ಕರಿಕಲ್ಲಿನ ಪಕ್ಕದ ಗಡಿಗೆಮನೆಗೆ ನಡೆದು ಬರಬೇಕು. ದಾರಿಯಲ್ಲಿ ಯಾರೂ ಮಗುವನ್ನು ಮಾತಾಡಿಸಬಾರದು.

ಗಡಿಗೆಯೊಳಗಿನ ಮಾತು ಆಡಿದ ಹಾಗೆಯೇ ಉಳಿಯುತ್ತದೆ, ಆಡಿದವರ ದನಿಯಲ್ಲೇ. ಆದರೆ ಮುಚ್ಚಳ ತೆಗೆದರೆ ಒಂದೇ ಒಂದು ಸಲ ಕೇಳಿಸಿ ಆರಿಹೋಗುತ್ತದೆ. ಹಾಗಾಗಿ ಏಳೂ ಅವ್ವಂದಿರು ಒಟ್ಟಿಗೆ ಕೂತ ದಿನವೇ ಅದನ್ನು ತೆರೆಯಬೇಕು. ಅದಕ್ಕೆ ಮುಂಚೆ ಎರಡು ಸಲ ಹೊರಗಿನಿಂದ ಕಿವಿಯಿಟ್ಟು ಕೇಳುವುದುಂಟು. ಮೊದಲು ಮಗುವನ್ನು ಇಟ್ಟುಕೊಂಡ ಮನೆಯವರು, ಆಮೇಲೆ ಗುಡ್ಡದಾಚೆಯಿಂದ ಬಂದ, ಊರಿನ ಯಾರ ಪೈಕಿಯೂ ಅಲ್ಲದ ಒಬ್ಬರು. ಮುಚ್ಚಿದ ಗಡಿಗೆಗೆ ಕಿವಿಯಿಟ್ಟರೆ ಏನು ಕೇಳುತ್ತದೆ ಎಂದು ನೀವು ಕೇಳಬಹುದು. ಗುಂಯ್ ಎನ್ನುತ್ತದೆ. ಎಲ್ಲ ಗಡಿಗೆಗಳೂ ಗುಂಯ್ ಎನ್ನುತ್ತವೆ.

ಇನ್ನೂ ಎರಡು ಕಟ್ಟಳೆಗಳಿವೆ, ಹೇಳಿಬಿಡುತ್ತೇನೆ. ಗಡಿಗೆಗೆ ಹಾಕಿದ ಮಾತನ್ನು ಮಗು ಮತ್ತೆ ಬಾಯಿಯಿಂದ ಆಡಬಾರದು, ಏನೆಂದು ಯಾರೂ ಕೇಳಲೂ ಬಾರದು. ಆಡಿದರೆ ಒಳಗಿನದು ಕೆಡುತ್ತದೆ. ಮತ್ತೆ, ತೀರ್ಮಾನ ಆಗುವ ತನಕ ಏನನ್ನೂ ಕದಲಿಸಬಾರದು. ಮಗು ಇದ್ದಲ್ಲೇ ಇರಬೇಕು, ಒಲೆ ಇದ್ದಲ್ಲೇ ಇರಬೇಕು.

ನಾನು ಆ ಗಡಿಗೆಮನೆಯ ಆಯಿ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ನನಗೆ ಮಕ್ಕಳಿರಲಿಲ್ಲ, ಮೊಮ್ಮಕ್ಕಳೂ ಇರಲಿಲ್ಲ, ಗಡಿಗೆಗಳಿದ್ದವು. ಬೆಳಿಗ್ಗೆ ಎದ್ದು ಬೆಚ್ಚಗಿನ ನೀರಿನಲ್ಲಿ ಅರಿವೆ ಅದ್ದಿ ಒಂದೊಂದರ ಮೈ ಒರೆಸುತ್ತಿದ್ದೆ. ಕೆಳಗಿನ ಹುಲ್ಲಿನ ಸಿಂಬಿ ಬದಲಿಸುತ್ತಿದ್ದೆ. ಎಳೆಬಿಸಿಲು ಬಂದಾಗ ಬಿಸಿಲಿಗೆ ತಿರುಗಿಸುತ್ತಿದ್ದೆ, ಬಿಸಿಲು ಸುಡತೊಡಗಿದರೆ ನೆರಳಿಗೆ ಎಳೆಯುತ್ತಿದ್ದೆ. ಚಳಿಗಾಲಕ್ಕೆ ಪ್ರತಿಯೊಂದಕ್ಕೂ ಒಂದು ಕೌದಿ ಹೊಲಿದಿದ್ದೆ. ಮೈ ಒರೆಸುವುದು, ಸಿಂಬಿ ಬದಲಿಸುವುದು, ಬಿಸಿಲಿಗೆ ತಿರುಗಿಸುವುದು, ಕೌದಿ ಹೊದಿಸುವುದು. ಒಂದು ದಿನವೂ ತಪ್ಪಿಸಿದವಳಲ್ಲ. ನನ್ನ ಕೈಯಲ್ಲಿ ಒಂದು ಗಡಿಗೆಯೂ ಬಿರುಕು ಬಿಟ್ಟಿದ್ದಿಲ್ಲ. ಗಡಿಗೆಮನೆಗೆ ಬಂದ ಅವ್ವಂದಿರು ನನ್ನ ಬೆನ್ನು ತಟ್ಟಿ, ಮಕ್ಕಳ ಮೇಲೆ ಎಷ್ಟು ಪ್ರೀತಿ ಇವಳಿಗೆ ಎನ್ನುತ್ತಿದ್ದರು. ನಾನೂ ಹೌದೆಂದೇ ತಿಳಿದಿದ್ದೆ.

ಆ ಹುಡುಗಿ ಬಂದದ್ದು ಜೋಳದ ತೆನೆ ಹಾಲುಗಾಳು ಕಟ್ಟಿದ ಕಾಲದಲ್ಲಿ. ಒಂಬತ್ತು ವರ್ಷವಿರಬೇಕು. ಗಡಿಗೆ ದೊಡ್ಡದು, ತಲೆ ಸಣ್ಣದು, ಕುತ್ತಿಗೆ ನಡುಗುತ್ತಿತ್ತು. ಮೂಡಣ ಓಣಿಯ ಎತ್ತರದ ಜಗುಲಿಯ ಮನೆಯಲ್ಲಿ ಇಟ್ಟಿದ್ದ ಮಗು. ಗಡಿಗೆ ಇಳಿಸಿಕೊಂಡೆ. ಅದರ ಕೊರಳಿಗೆ ದಾರ ಕಟ್ಟಿ ಸಿಂಬಿಯ ಮೇಲೆ ಕೂರಿಸಿದೆ. ಹುಡುಗಿ ಹೋಗಲಿಲ್ಲ. ಲಂಗದ ಒಳಗಿನಿಂದ ಒಂದು ಅರಿವೆಯ ಗಂಟು ತೆಗೆದಳು. ಬಿಚ್ಚಿದರೆ ಅರ್ಧ ರೊಟ್ಟಿ. ನೆಟ್ಟಗೆ ನಡುವೆ ಮುರಿದದ್ದು. ಅದನ್ನು ಎರಡೂ ಕೈಯಿಂದ ನನಗೆ ಕೊಟ್ಟಳು. ಏನೋ ಹೇಳಲು ಬಾಯಿ ತೆರೆದಳು.

ನಾನು ನನ್ನ ತುಟಿಯ ಮೇಲೆ ಬೆರಳಿಟ್ಟೆ. ಕಟ್ಟಳೆ ಅವಳಿಗೆ ಮರೆತಿರಬೇಕು, ಚಿಕ್ಕ ಮಗು, ಗಡಿಗೆ ಕೆಟ್ಟುಹೋದೀತು ಎಂದು ನನಗೆ ಗಾಬರಿಯಾಗಿತ್ತು. ಅವಳು ಬಾಯಿ ಮುಚ್ಚಿಕೊಂಡಳು. ಒಂದು ಸಲ ರೊಟ್ಟಿ ನೋಡಿದಳು, ಒಂದು ಸಲ ನನ್ನ ಮುಖ ನೋಡಿದಳು. ನಾನು ತಲೆ ಅಲ್ಲಾಡಿಸಿದೆ, ಆಗಲಿ ಎಂದು. ಅವಳೂ ತಲೆ ಅಲ್ಲಾಡಿಸಿ ಹೊರಟುಹೋದಳು.

ಆ ರೊಟ್ಟಿಯನ್ನು ನಾನು ಅವಳ ಗಡಿಗೆಯ ಮುಂದೆ ಇಟ್ಟೆ. ಬೇರೆ ಮಕ್ಕಳೂ ತಂತಮ್ಮ ಗಡಿಗೆಗೆ ಏನಾದರೂ ತರುತ್ತಿದ್ದರು. ಚೆಂಡುಹೂವು, ಹುಣಸೆಹಣ್ಣು, ಒಂದು ಹಿಡಿ ಚುರುಮುರಿ. ದೇವರ ಮುಂದೆ ಇಟ್ಟ ಹಾಗೆ ಇಡುತ್ತಿದ್ದೆ. ಮಕ್ಕಳಿಗೆ ಸಮಾಧಾನ ಆಗುತ್ತಿತ್ತು. ಇವಳಿಗೆ ತನ್ನ ದೂರಿನ ಮೇಲೆ ಎಷ್ಟು ಅಕ್ಕರೆ, ತಿನ್ನುವ ರೊಟ್ಟಿಯಲ್ಲೇ ಪಾಲು ಕೊಡುತ್ತಾಳಲ್ಲ ಎಂದು ನನಗೆ ಕಣ್ಣಲ್ಲಿ ನೀರೇ ಬಂದಿತ್ತು.

ಸಂತೆಯ ದಿನ ಮಧ್ಯಾಹ್ನ ಮಕ್ಕಳು ತಂತಮ್ಮ ಗಡಿಗೆ ನೋಡಲು ಬರಬಹುದಿತ್ತು. ಅವಳು ಒಂದು ಸಂತೆಯನ್ನೂ ತಪ್ಪಿಸಲಿಲ್ಲ. ಪ್ರತಿ ಸಲ ಅರ್ಧ ರೊಟ್ಟಿ. ಬೇರೆ ಮಕ್ಕಳು ಒಳಗೆ ಓಡಿಹೋಗಿ ಗಡಿಗೆ ಮುಟ್ಟಿ ನೋಡುತ್ತಿದ್ದರು. ಇವಳು ಬಾಗಿಲಲ್ಲೇ ನಿಂತು ಗಂಟನ್ನು ನನ್ನ ಕೈಗೆ ಕೊಡುತ್ತಿದ್ದಳು. ಹಿಂದಿನ ವಾರದ ಅರಿವೆಯನ್ನು ನಾನು ತೊಳೆದು ಒಣಗಿಸಿ ಇಟ್ಟಿರುತ್ತಿದ್ದೆ. ಅದನ್ನು ಕೊಟ್ಟರೆ ಬಿಡಿಸಿ ನೋಡುತ್ತಿದ್ದಳು. ಖಾಲಿಯಿದೆ ಎಂದು ಖಾತ್ರಿ ಮಾಡಿಕೊಂಡು ನಗುತ್ತಿದ್ದಳು. ಒಂದು ಮಗು ಹಾಗೆ ನಗುವುದನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ. ನನ್ನ ಕೆಲಸಕ್ಕೆ ಸಿಕ್ಕ ಸಂಬಳ ಎಂದರೆ ಅದೇ ಎಂದುಕೊಂಡಿದ್ದೆ. ಗಡಿಗೆಯ ಮುಂದಿನ ರೊಟ್ಟಿಯನ್ನು ಇರುವೆ ತಿನ್ನುತ್ತಿತ್ತು, ಅಳಿಲು ತಿನ್ನುತ್ತಿತ್ತು.

ಮೊದಲ ಕೇಳುವಿಕೆಗೆ ಗಡಿಗೆಯನ್ನು ನಾನೇ ಎತ್ತರದ ಜಗುಲಿಯ ಮನೆಗೆ ಹೊತ್ತುಕೊಂಡು ಹೋದೆ. ಆ ಮನೆಯಾಕೆ ಕೆಟ್ಟವಳಲ್ಲ. ಹಿಟ್ಟಿನ ಕೈ ತೊಳೆದುಕೊಂಡು ಬಂದು, ಸೆರಗು ಹೊದ್ದುಕೊಂಡು, ಗಡಿಗೆಗೆ ಕಿವಿಯಿಟ್ಟಳು. ಬಹಳ ಹೊತ್ತು ಇಟ್ಟಳು. ಎದ್ದಾಗ ಮುಖ ಸಣ್ಣದಾಗಿತ್ತು. ನನ್ನ ರೊಟ್ಟಿ ದಪ್ಪ ಆಗುತ್ತದೆಯಂತೆ, ಅದನ್ನೇ ಹೇಳಿದೆ ಈ ಮಗು, ಎಂದಳು. ಅವಳ ಅತ್ತೆ ಮೂವತ್ತು ವರ್ಷ ಹೇಳಿದ್ದ ಮಾತು ಅದು, ಗಡಿಗೆಯಲ್ಲೂ ಅವಳಿಗೆ ಅದೇ ಕೇಳಿಸಿತು. ಮರುದಿನದಿಂದ ರೊಟ್ಟಿ ತೆಳ್ಳಗೆ ಬಡಿಯತೊಡಗಿದಳು, ಮೇಲೆ ಬೆಣ್ಣೆಯನ್ನೂ ಹಚ್ಚತೊಡಗಿದಳು. ಹುಡುಗಿ ಆ ತೆಳ್ಳನೆಯ ಬೆಣ್ಣೆ ರೊಟ್ಟಿಯನ್ನೂ ನೆಟ್ಟಗೆ ನಡುವೆ ಮುರಿದು ಅರ್ಧ ತಂದುಕೊಟ್ಟಳು. ಇರುವೆಗಳಿಗೆ ಹಬ್ಬವಾಯಿತು.

ಕಲ್ಲಿನ ಎರಡೂ ಕಡೆ ಓಡಾಡುವ ಅಪ್ಪಣೆ ಇದ್ದದ್ದು ಅವ್ವಂದಿರನ್ನು ಬಿಟ್ಟರೆ ನನಗೆ ಮಾತ್ರ. ಪಡುವಣ ಓಣಿಯ ಮಕ್ಕಳ ಗಡಿಗೆಗಳನ್ನೂ ಅವರವರ ಮನೆಗೆ ಒಯ್ಯಬೇಕಿತ್ತಲ್ಲ. ಆ ದಾರಿಯಲ್ಲಿ ಒಂದು ಕೆಂಪು ಬಾಗಿಲಿನ ಮನೆ. ಮೆಟ್ಟಿಲ ಮೇಲೆ ನಾಲ್ಕು ವರ್ಷದ ಒಬ್ಬ ಹುಡುಗ ಕೂತಿರುತ್ತಿದ್ದ. ತೊಡೆಯ ಮೇಲೆ ಒಂದು ಇಡೀ ರೊಟ್ಟಿ, ಮುರಿಯದ್ದು. ನಾನು ಮೂಡಣದ ಕಡೆಯಿಂದ ಬರುವುದು ಕಂಡರೆ ಎದ್ದು ನಿಲ್ಲುತ್ತಿದ್ದ. ನನ್ನ ಬೆನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡುತ್ತಿದ್ದ, ಆಮೇಲೆ ಕೂರುತ್ತಿದ್ದ. ಕೆಂಪು ಬಾಗಿಲಿನ ಮನೆಯಾಕೆ ಬೇಸರ ಮಾಡಿಕೊಂಡಿದ್ದಳು. ಹೊಸದಾಗಿ ಬಂದ ಕೂಸು, ಬಹಳ ಹಟಮಾರಿ, ಉಣ್ಣುವುದಿಲ್ಲ, ಬಾಯಿಗೆ ತುರುಕಿದರೆ ಉಗಿಯುತ್ತದೆ ಎಂದಳು. ಮಕ್ಕಳು ಹಾಗೇ, ತಾವೇ ಕಲಿಯುತ್ತವೆ ಬಿಡು ಎಂದು ಹೇಳಿ ನಾನು ಮುಂದೆ ಹೋದೆ. ತಲೆಯ ಮೇಲೆ ಗಡಿಗೆಯಿತ್ತು, ಬಿಸಿಲು ಏರುತ್ತಿತ್ತು, ಗಡಿಗೆಗೆ ಬಿಸಿಲು ತಾಗಬಾರದು.

ಚಳಿ ಶುರುವಾದಾಗ ಗುಡ್ಡದಾಚೆಯವನು ಬಂದ. ಅವನು ನಿಜವಾಗಿಯೂ ಯಾರ ಪೈಕಿಯೂ ಅಲ್ಲ, ನಮ್ಮ ಮನೆಯ ನೀರನ್ನೂ ಮುಟ್ಟಲಿಲ್ಲ. ನಲವತ್ತು ದಿನ ಆ ಗಡಿಗೆಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂತ. ಬಲಗಿವಿ ಇಟ್ಟ, ಎಡಗಿವಿ ಇಟ್ಟ, ಕಣ್ಣು ಮುಚ್ಚಿ ಇಟ್ಟ, ಉಸಿರು ಹಿಡಿದು ಇಟ್ಟ. ಇಪ್ಪತ್ತನೆಯ ದಿನವೋ ಏನೋ, ಸಂತೆಯ ದಿನ, ಹುಡುಗಿ ರೊಟ್ಟಿ ಕೊಟ್ಟು ಹೋಗುವುದನ್ನು ನೋಡಿ ನನ್ನನ್ನು ಕರೆದ. ಆ ಮಗುವನ್ನೇ ಒಂದು ಮಾತು ಕೇಳಿದರೆ ಆಗದೇ ಎಂದ.

ಆಗದು ಎಂದೆ. ಕಟ್ಟಳೆ ಹೇಳಿದೆ. ಅವನು ಒಳ್ಳೆಯ ಮನುಷ್ಯ, ಊರಿನ ಕಟ್ಟಳೆ ಮೀರಬಾರದೆಂದು ಸುಮ್ಮನಾದ. ನಲವತ್ತನೆಯ ದಿನ ತನ್ನ ಅಭಿಪ್ರಾಯ ಬರೆದುಕೊಟ್ಟು ಹೋದ. ಇದರೊಳಗೆ ಇರುವುದು ನಿಜವಾದ ದುಃಖ, ಇದನ್ನು ಇನ್ನೂ ಚೆನ್ನಾಗಿ ನೋಡಿಕೊಳ್ಳಬೇಕು, ತೆಂಕಣ ಗೂಡಿನಲ್ಲಿ ಬಿಸಿಲು ಹೆಚ್ಚು, ಅಲ್ಲಿ ಇಡಿ, ಒಂದರ ಬದಲು ಎರಡು ಕೌದಿ ಹೊದಿಸಿ ಎಂದಿತ್ತು ಅದರಲ್ಲಿ. ಅವ್ವಂದಿರು ಒಪ್ಪಿದರು. ನೋಡಿ, ನಮ್ಮೂರಿನವರು ಸೋಮಾರಿಗಳೆಂದು ಯಾರೂ ಅನ್ನುವ ಹಾಗಿಲ್ಲ. ಮರುದಿನ ಹೊತ್ತು ಹುಟ್ಟುವಷ್ಟರಲ್ಲಿ ಗೂಡು ಬದಲಾಗಿತ್ತು, ಎರಡನೆಯ ಕೌದಿ ಬಂದಿತ್ತು.

ಆಮೇಲೆ ಉಳಿದದ್ದು ಏಳು ಅವ್ವಂದಿರು ಒಟ್ಟಿಗೆ ಕೂರುವುದು. ಒಬ್ಬರ ಮನೆಯಲ್ಲಿ ಸೂತಕ. ಒಬ್ಬರ ಮಗಳ ಬಾಣಂತನ. ಇಬ್ಬರಿಗೆ ಶಾಲಿನ ಹಸಿರು ಎಲೆಯ ಹಸಿರೋ ಗಿಳಿಯ ಹಸಿರೋ ಎಂದು ಜಗಳವಾಗಿ ಮಾತು ಬಿಟ್ಟುಹೋಗಿತ್ತು. ಒಬ್ಬರು ತೀರಿಕೊಂಡರು, ಹೊಸಬರಿಗೆ ಶಾಲು ಹೊದಿಸಲು ಒಳ್ಳೆಯ ಮುಹೂರ್ತ ಸಿಗಲಿಲ್ಲ. ನಾನು ಮೈ ಒರೆಸಿದೆ, ಸಿಂಬಿ ಬದಲಿಸಿದೆ, ಬಿಸಿಲಿಗೆ ತಿರುಗಿಸಿದೆ, ಕೌದಿ ಹೊದಿಸಿದೆ, ರೊಟ್ಟಿ ಇಟ್ಟೆ. ಒಂದು ಸುಗ್ಗಿ ಹೋಯಿತು. ಮೈ ಒರೆಸಿದೆ, ಸಿಂಬಿ ಬದಲಿಸಿದೆ, ಬಿಸಿಲಿಗೆ ತಿರುಗಿಸಿದೆ, ಕೌದಿ ಹೊದಿಸಿದೆ, ರೊಟ್ಟಿ ಇಟ್ಟೆ. ಇನ್ನೊಂದು ಸುಗ್ಗಿ ಹೋಯಿತು. ಹುಡುಗಿ ಎತ್ತರವಾದಳು, ಲಂಗ ಮೊಣಕಾಲಿಗೆ ಬಂತು. ಎಷ್ಟೇ ಬೆಣ್ಣೆ ಹಚ್ಚಿದರೂ ಮೈಗೆ ಹತ್ತಲಿಲ್ಲ. ಅವಳು ಯಾವತ್ತೂ ಅಳಲಿಲ್ಲ, ಯಾವತ್ತೂ ಇನ್ನೂ ಎಷ್ಟು ದಿನ ಎಂದು ಕೇಳಲಿಲ್ಲ. ಖಾಲಿ ಅರಿವೆ ನೋಡಿ ನಗುತ್ತಿದ್ದಳು ಅಷ್ಟೇ. ಎಂಥ ತಾಳ್ಮೆಯ ಮಗು ಎಂದು ಅವ್ವಂದಿರು ಬೇರೆ ಮಕ್ಕಳಿಗೆ ಅವಳನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು.

ಕೆಂಪು ಬಾಗಿಲಿನ ಮೆಟ್ಟಿಲ ಮೇಲೆ ಆ ಹುಡುಗ ಎದ್ದು ನಿಲ್ಲುವುದು ಯಾವಾಗಲೋ ನಿಂತುಹೋಗಿತ್ತು. ಒಂದು ದಿನ ನೋಡಿದರೆ ಒಳಗೆ ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದ. ಎಷ್ಟೋ ದಿನ ಉಪವಾಸ ಬಿದ್ದ, ಜ್ವರ ಬಂತು, ಆಮೇಲೆ ತಾನೇ ಕಲಿತುಕೊಂಡ ಎಂದು ಮನೆಯಾಕೆ ಸಮಾಧಾನದಿಂದ ಹೇಳಿದಳು. ನಾನು ಹೇಳಿರಲಿಲ್ಲವೇ ಎಂದೆ.

ಕೊನೆಗೆ ಏಳು ಜನ ಸೇರಿದರು. ಮೂರನೆಯ ಸುಗ್ಗಿಯ ಹೊಸ್ತಿಲಲ್ಲಿ, ಬೆಳಗಿನ ಹೊತ್ತು, ಗಡಿಗೆಮನೆಯ ಅಂಗಳದಲ್ಲಿ ಏಳು ಮಣೆ ಹಾಕಿದೆ. ನಡುವೆ ಗಡಿಗೆ. ಹುಡುಗಿಯನ್ನು ಒಂದು ಕಡೆ ನಿಲ್ಲಿಸಿದೆ. ಗಡ್ಡದ ಅವ್ವ ಎದ್ದು ಮುಚ್ಚಳಕ್ಕೆ ಮೂರು ಸಲ ತಟ್ಟಿದರು. ಮಣ್ಣು ಉದುರಿತು. ಒಳಗಿನಿಂದ ದನಿ ಬಂತು, ಎರಡು ವರ್ಷದ ಹಿಂದಿನ ದನಿ, ಈಗಿನ ಹುಡುಗಿಯದಕ್ಕಿಂತ ಸಣ್ಣದು. ಓಡಿ ಬಂದವರ ಹಾಗೆ ಏದುಸಿರು ಬಿಡುತ್ತಿತ್ತು.

"ಅವ್ವಂದಿರಾ, ನನ್ನ ತಮ್ಮ ಒಬ್ಬನ ಕುಂತು ಉಣ್ಣಂಗಿಲ್ಲ. ರೊಟ್ಟಿ ಮುರದು, ಅರ್ಧ ನಾ ಅವನ ಮುಂದ ತಿಂದು ತೋರಿಸಬೇಕು. ಆವಾಗ ಉಳದ ಅರ್ಧ ತಿಂತಾನ. ಅವ್ವ ಹೋದಾಗಿಂದ ಹಂಗ. ಅವನ್ನ ಪಡುವಣ ಓಣಿಗೆ ಕೊಟ್ಟೀರಿ, ನನ್ನ ಇಲ್ಲಿ ಇಟ್ಟೀರಿ. ನನ್ನ ಅಲ್ಲಿಗೆ ಕಳಸ್ರಿ. ಆಗದಿದ್ರ ಅವರ ಮನಿಯವರಿಗೆ ಹೇಳ್ರಿ, ಮುಂದ ಕುಂತು ಅರ್ಧ ತಿಂದು ತೋರಿಸ್ರಿ ಅಂತ. ಅಷ್ಟ."

ಅಷ್ಟೇ. ಗಡಿಗೆ ಬರಿದಾಯಿತು.

ಗಡ್ಡದ ಅವ್ವ ಅತ್ತುಬಿಟ್ಟರು, ಸುಳ್ಳು ಅಳುವಲ್ಲ, ಗಡ್ಡವೆಲ್ಲ ತೋಯ್ದಿತ್ತು. ಆಮೇಲೆ ಒಬ್ಬೊಬ್ಬರಾಗಿ ದೂರು ನಿಜ, ದೂರು ನಿಜ, ದೂರು ನಿಜ ಎಂದು ಏಳು ಸಲ ಹೇಳಿದರು. ಏಳೂ ಜನ ಎದ್ದು, ಕೈಮುಗಿದು, ಊರಿನ ಪರವಾಗಿ ತಪ್ಪಾಯಿತೆಂದು ಬಾಗಿದರು. ಬಾಗಿದ್ದು ಗಡಿಗೆಗೆ. ಅದಕ್ಕೊಂದು ಹಸಿರು ಶಾಲನ್ನೂ ಹೊದಿಸಿದರು. ಹುಡುಗಿ ತನ್ನ ಮುಂದೆ ನಡೆಯುತ್ತಿದ್ದುದನ್ನು ನೋಡುತ್ತಾ ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಕೆರೆದುಕೊಳ್ಳುತ್ತಿದ್ದಳು. ಈಗಲೇ ಇವಳನ್ನು ತಮ್ಮನ ಹತ್ತಿರ ಕರೆದುಕೊಂಡು ಹೋಗು ಎಂದು ನನಗೆ ಅಪ್ಪಣೆಯಾಯಿತು.

ಕರಿಕಲ್ಲಿನಿಂದ ಕೆಂಪು ಬಾಗಿಲಿಗೆ ಒಂದು ರೊಟ್ಟಿ ಬೇಯುವಷ್ಟು ಹೊತ್ತಿನ ದಾರಿ. ಹುಡುಗಿ ನನ್ನ ಕೈ ಹಿಡಿದುಕೊಂಡಳು. ಕಲ್ಲು ದಾಟಿದ ಮೇಲೆ ಅವಳ ಬಾಯಿ ಬಿಚ್ಚಿತು, ಎರಡು ವರ್ಷದ ಮಾತು ಒಟ್ಟಿಗೆ ಬಂತು. ತಮ್ಮನಿಗೆ ಎಷ್ಟು ಹಲ್ಲು ಬಿದ್ದಿರಬಹುದು ಎಂದಳು. ಅವನಿಗೆ ರೊಟ್ಟಿಯ ಅಂಚು ಸೇರುವುದಿಲ್ಲ, ನಡುವಿನದು ಮೆತ್ತಗಿರುತ್ತದೆ, ಅದೇ ಬೇಕು ಎಂದಳು. ಮಡಿಲಲ್ಲಿ ಇವತ್ತಿನ ರೊಟ್ಟಿ ಇತ್ತು, ಮೊದಲ ಸಲ ಮುರಿಯದೆ ಇಡೀ ತಂದಿದ್ದಳು, ಅವನ ಮುಂದೆಯೇ ಮುರಿಯಬೇಕೆಂದು. ಆಮೇಲೆ ನನ್ನ ಮುಖ ನೋಡಿ ಹೇಳಿದಳು.

"ನೀವು ಸಂತಿ ಸಂತಿಗೆ ಒಯ್ದು ಕೊಡತಿದ್ರಿ ಅಂತ ನಾ ಸುಮ್ಮನಿದ್ದೆ, ಆಯಿ. ಕಲ್ಲು ದಾಟಿ ಹೋಗವರು ನೀವೊಬ್ರ ಅಲ್ಲ? ಮುರದ ರೊಟ್ಟಿ ನೋಡಿದ್ರ ಅವಗ ಗೊತ್ತಾಗತದ, ಉಳದ ಅರ್ಧ ಅಕ್ಕ ತಿಂದಾಳಂತ."

ನನ್ನ ಕಾಲು ನಿಂತವು. ಗಡಿಗೆಯ ಮುಂದೆ ಸಾಲುಗಟ್ಟಿ ಬರುತ್ತಿದ್ದ ಇರುವೆಗಳು ಕಣ್ಣ ಮುಂದೆ ಬಂದವು. ಎದ್ದು ನಿಂತು ನನ್ನ ಬೆನ್ನ ಹಿಂದೆ ನೋಡುತ್ತಿದ್ದ ಹುಡುಗನೂ ಬಂದ. ಅಲ್ಲೇ ಮಂಡಿಯೂರಿ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಇನ್ನು ಹತ್ತು ಹೆಜ್ಜೆ ಇತ್ತು, ಅವಳ ಮುಖದಲ್ಲಿ ಆ ಖಾಲಿ ಅರಿವೆಯ ನಗು ಇತ್ತು. ಹತ್ತು ಹೆಜ್ಜೆಯಾದರೂ ಇರಲಿ ಎಂದುಕೊಂಡೆ. ಅದೂ ಒಳ್ಳೆಯ ಮನಸ್ಸಿನಿಂದಲೇ.

ಹುಡುಗ ಒಳಗೆ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಆರು ವರ್ಷ ತುಂಬಿತ್ತು. ಮನೆಯಾಕೆ ಕರೆದದ್ದಕ್ಕೆ ತಿರುಗಿದ. ಅಕ್ಕ ಅವನೆದುರು ನೆಲದ ಮೇಲೆ ಕೂತಳು. ಏನೂ ಹೇಳದೆ ರೊಟ್ಟಿ ತೆಗೆದು ನೆಟ್ಟಗೆ ನಡುವೆ ಮುರಿದಳು. ಒಂದು ಅರ್ಧವನ್ನು ಅವನು ನೋಡುವ ಹಾಗೆ ನಿಧಾನವಾಗಿ ತಿಂದಳು, ಬಾಯಿ ತೆರೆದು ತೋರಿಸಿದಳು. ಇನ್ನೊಂದು ಅರ್ಧವನ್ನು ಚಾಚಿದಳು.

"ಬ್ಯಾಡ," ಎಂದ. "ನಂದು ಅದ."

ತನ್ನ ತಟ್ಟೆ ತೋರಿಸಿದ. ಅವನಿಗೆ ಅಕ್ಕನ ಗುರುತು ಸಿಕ್ಕಿತ್ತು. ಸಿಗದಿದ್ದರೆ ಚೆನ್ನಾಗಿತ್ತು ಎಂದು ನನಗೆ ಆಮೇಲೆ ಎಷ್ಟೋ ಸಲ ಅನಿಸಿದೆ.

"ನಾ ಕಳಸತಿದ್ನಲ್ಲ," ಎಂದಳು ಅಕ್ಕ. "ವಾರಾ ವಾರಾ."

"ಯಾರೂ ಏನೂ ತರಲಿಲ್ಲ," ಎಂದ ಹುಡುಗ. ಸಿಟ್ಟಿನಿಂದಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟ ಅಷ್ಟೇ. "ಮೊದಲ ಕಾಯತಿದ್ದೆ."

ಮತ್ತೆ ಗೋಡೆಗೆ ತಿರುಗಿ ಉಣ್ಣತೊಡಗಿದ. ಹುಡುಗಿ ಚಾಚಿದ ಕೈಯನ್ನು ಬಹಳ ಹೊತ್ತು ಹಾಗೆಯೇ ಹಿಡಿದಿದ್ದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಬೈದಿದ್ದರೆ, ಹೊಡೆದಿದ್ದರೆ, ಮುಖಕ್ಕೆ ಉಗಿದಿದ್ದರೆ ನಾನು ಇವತ್ತು ಸ್ವಲ್ಪ ನಿದ್ದೆ ಮಾಡುತ್ತಿದ್ದೆನೇನೋ. ಅವಳು ಸುಮ್ಮನೆ ನೋಡಿದಳು. ಎಷ್ಟು ಸಂತೆ ಎಂದು ಲೆಕ್ಕ ಹಾಕುತ್ತಿದ್ದ ಹಾಗಿತ್ತು.

ಅವ್ವಂದಿರು ಕೈಕಟ್ಟಿ ಕೂರಲಿಲ್ಲ. ಒಂದು ಒಲೆಗೆ ಒಂದೇ ಮಗು ಎಂಬ ಕಟ್ಟಳೆಯನ್ನು ಇವರಿಬ್ಬರ ಮಟ್ಟಿಗೆ ಸಡಿಲಿಸಿದರು. ಕೆಂಪು ಬಾಗಿಲಿನ ಮನೆಯಾಕೆ ಇಬ್ಬರನ್ನೂ ಇಟ್ಟುಕೊಳ್ಳುತ್ತೇನೆ ಎಂದಳು. ಇನ್ನು ತಪ್ಪಾಗಬಾರದೆಂದು ಹುಡುಗನನ್ನೇ ಕೇಳಿದರು, ಅಕ್ಕ ನಿನ್ನ ಜೊತೆ ಇರಲೇ ಎಂದು. ನಮ್ಮೂರಿನ ಅವ್ವಂದಿರು ಒಂದು ಮಗುವನ್ನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಹುಡುಗ ಸ್ವಲ್ಪ ಯೋಚಿಸಿ ಬೇಡ ಎಂದ. ತನಗೆ ಒಬ್ಬನೇ ಇದ್ದು ರೂಢಿಯಾಗಿದೆ ಎಂದ. ಮಗುವಿನ ಮಾತಿಗೆ ಬೆಲೆ ಕೊಡಬೇಕಲ್ಲ, ಕೊಟ್ಟರು. ಹುಡುಗಿ ಎತ್ತರದ ಜಗುಲಿಯ ಮನೆಯಲ್ಲೇ ಉಳಿದಳು. ದೂರು ಬಗೆಹರಿದಿದೆ ಎಂಬುದಕ್ಕೆ ಅವಳು ಹಸಿಮಣ್ಣಿನ ಮೇಲೆ ಅಂಗೈ ಒತ್ತಬೇಕಿತ್ತು, ಒತ್ತಿದಳು. ಆ ಮಣ್ಣನ್ನು ಸುಟ್ಟು ಗಡಿಗೆಯ ಪಕ್ಕದಲ್ಲಿ ಇಡಲಾಯಿತು. ಚಿಕ್ಕ ಅಂಗೈ.

ಅವಳು ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ಸಂತೆಯ ದಿನ ಮಧ್ಯಾಹ್ನ ಬಂದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ನನ್ನ ಕೈಗೆ ಏನೂ ಕೊಡಲಿಲ್ಲ. ನೇರವಾಗಿ ತೆಂಕಣ ಗೂಡಿನ ಹತ್ತಿರ ಹೋದಳು. ಅರಿವೆ ಬಿಚ್ಚಿ, ಅರ್ಧ ರೊಟ್ಟಿಯನ್ನು ಖಾಲಿ ಗಡಿಗೆಯ ಮುಂದೆ, ಇರುವೆ ಮುತ್ತಿದ್ದ ಹಳೆಯ ಚೂರುಗಳ ಪಕ್ಕದಲ್ಲಿ ಇಟ್ಟಳು.

"ಇಲ್ಲೇ ಇಡಬೇಕಲ್ಲ, ಆಯಿ?" ಎಂದಳು.

ನಾನು ಅವಳ ಕಾಲ ಬಳಿ ಕೂತುಬಿಟ್ಟೆ. ಆ ಹತ್ತು ಹೆಜ್ಜೆಯಿಂದ ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು. ಕಟ್ಟಳೆ ಹಾಳಾಗಿ ಹೋಗಲಿ, ಬಾಯಿಬಿಟ್ಟು ಹೇಳು ತಾಯಿ, ನಿನಗೆ ಏನು ಬೇಕು ನನಗೆ ಹೇಳು, ಈ ಹಾಳು ಕಿವಿಯಿಂದ ಕೇಳುತ್ತೇನೆ, ಈ ಕಾಲಿನಿಂದ ಹೋಗಿ ಮಾಡಿಕೊಂಡು ಬರುತ್ತೇನೆ ಎಂದು ಅತ್ತೆ, ಅವಳ ಲಂಗ ಹಿಡಿದುಕೊಂಡು ಅತ್ತೆ. ಅವಳು ನಾನು ಅಳುವುದು ಮುಗಿಯುವ ತನಕ ಕಾದಳು. ಕಾಯುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಅವತ್ತ ಹೇಳಬೇಕಂತಿದ್ದೆ," ಎಂದಳು. "ನೀವು ಬೆರಳಿಟ್ರಿ."

ಅಷ್ಟು ಹೇಳಿ, ಅರಿವೆಯನ್ನು ನೀರಿನಲ್ಲಿ ಅದ್ದಿ ಗಡಿಗೆಯ ಮೈ ಒರೆಸಿದಳು. ಸಿಂಬಿ ಸರಿ ಮಾಡಿದಳು. ಬಿಸಿಲಿಗೆ ಸ್ವಲ್ಪ ತಿರುಗಿಸಿದಳು. ಎರಡೂ ಕೌದಿಗಳನ್ನು ಹೊದಿಸಿ, ಮೂಲೆಗಳನ್ನು ಒಳಗೆ ಸಿಕ್ಕಿಸಿದಳು, ಮಲಗಿದ ಮಗುವಿಗೆ ಸಿಕ್ಕಿಸುವ ಹಾಗೆ. ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಕಲಿತದ್ದು. ಆಮೇಲೆ ಹೊರಗೆ ಹೋಗಿ, ಕರಿಕಲ್ಲಿನ ಈಚೆಯ ದಾರಿ ಹಿಡಿದು, ಮೂಡಣ ಓಣಿಗೆ ನಡೆದಳು.

ನಾನು ಕೈಚಾಚಿ ಆ ಅರ್ಧ ರೊಟ್ಟಿಯನ್ನು ಮುಟ್ಟಿ ನೋಡಿದೆ. ಇನ್ನೂ ಬೆಚ್ಚಗಿತ್ತು. ಕೆಂಪು ಬಾಗಿಲಿಗೆ ಒಯ್ದು ಮುಟ್ಟಿಸುವಷ್ಟರಲ್ಲಿ ಅದು ಆರುತ್ತಲೂ ಇರಲಿಲ್ಲ.